ಮೇಲ್ಕಟ್ಟಿನ ಬೆಳಕು, ವಿಮಲಳ ಬಿಳಿ ಟೊಪ್ಪಿ

ಶ್ರಾವ್ಯಾ, ಪ್ರಣೀತಾ,

ಇಬ್ಬರೂ ಒಟ್ಟಿಗೆ ಕೂತು ಓದಿ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುವುದು ಬೇಡ. ಪ್ರಣೀತ ಹೇಳಿದರೆ ಅರ್ಧ ವಿಷಯ ನಗೆಯಲ್ಲೇ ಹೋಗುತ್ತದೆ.

ಮೊನ್ನೆ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿದಾಗ ಅದರೊಳಗೆ ಸಿಕ್ಕಿದ, ಕ್ಯಾಮರಾ ಫ್ಲಾಶಿನ ತಲೆಗೆ ಹಾಕುವ ಬಿಳಿ ಟೊಪ್ಪಿಯನ್ನು ಹಿಡಿದುಕೊಂಡು ಶ್ರಾವ್ಯ ಕೇಳಿದಳು, “ಅಮ್ಮಮ್ಮ, ಇದ್ ಹೊಸ್ದೇ ಇತ್ತಲೆ! ಒಂದ್ಸಲವೂ ಹಾಕ್ಲಿಲ್ಯಾ?” ಅದರ ಬೆನ್ನಿಗೇ ಅವಳು ಇನ್ನೊಂದು ಮಾತು ಹೇಳಿದಳು. “ನಾ ಬಪ್ಪ ತಿಂಗ್ಳಿಂದ ಬ್ರಹ್ಮಾವರಕ್ ಹೋತೆ. ವಿಮಲಕ್ಕನ ಹತ್ರ ಫ್ಲಾಶ್ ಕಲಿಯುಕೆ.”

ನಾನು ಅಡುಗೆಮನೆಗೆ ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಹೋದೆ.

ಬಾಯಲ್ಲಿ ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ವಂಡ್ಸೆಯ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಲ್ಲುತ್ತಿದ್ದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಶ್ರಾವ್ಯಾ, ನೀನು ವಿಮಲಳ ಮನೆಯ ಮೆಟ್ಟಿಲು ಹತ್ತುವ ಮೊದಲು ನನಗೆ ಗೊತ್ತಿದ್ದದ್ದು ನಿನಗೆ ಗೊತ್ತಿರಬೇಕು. ಬೆಳಕಿನ ವಿಷಯದಲ್ಲಿ ನಿನಗೆ ಮೊದಲ ಅಕ್ಷರ ಹೇಳಿಕೊಟ್ಟವಳು ವಿಮಲ ಎಂದು ಊರವರು ಹೇಳುವುದನ್ನು ಕೇಳಿಸಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಾನು ಕ್ಯಾಮರಾ ಹಿಡಿದದ್ದು ಆಸೆಯಿಂದಲ್ಲ. ನಿಮ್ಮ ಅಜ್ಜನಿಗೆ ಕುಂದಾಪುರದಲ್ಲಿ ಸಣ್ಣ ಸ್ಟುಡಿಯೊ ಇತ್ತು. ಮದುವೆಯಲ್ಲಿ ಹೆಣ್ಣನ್ನು ಸಿಂಗರಿಸುವ ಕೋಣೆಗೆ ಗಂಡಸರು ಹೋಗುವಂತಿರಲಿಲ್ಲ. ಹಾಗಾಗಿ ಅಜ್ಜ ಇನ್ನೊಂದು ಕ್ಯಾಮರಾ ನನ್ನ ಕೊರಳಿಗೆ ಹಾಕಿ, “ಒಳ್ಗ್ ಹೋಯಿ ಒತ್ತಿ ಬಾ. ಮುಖದ್ ಎದ್ರಿಗೇ ಫ್ಲಾಶ್ ಇರ್ಕ್, ಅಷ್ಟೇ” ಎಂದು ಕಳಿಸಿದರು. ಅದೇ ಅವರು ಕೊಟ್ಟ ಪಾಠ.

ಮುಖದ ಎದುರಿಗೇ ಫ್ಲಾಶ್ ಹೊಡೆದರೆ ಏನಾಗುತ್ತದೆ ಎಂದು ಹಳೆಯ ಆಲ್ಬಂಗಳಲ್ಲಿ ನೀವೇ ನೋಡಿದ್ದೀರಿ. ಮೂಗಿನ ತುದಿ ಹೊಳೆಯುತ್ತದೆ, ಹಣೆಯ ಬೆವರು ಎಣ್ಣೆಯಾಗುತ್ತದೆ, ಹಿಂದಿನ ಗೋಡೆಯ ಮೇಲೆ ಮದುಮಗಳಿಗಿಂತ ದೊಡ್ಡ ಕರಿ ನೆರಳು ನಿಂತಿರುತ್ತದೆ. ಆ ಕಾಲದ ಜನರಿಗೆ ಅದೇ ಚಂದ. ಹೆಣ್ಣು ಬೆಳ್ಳಗೆ ಕಾಣಬೇಕು, ಚಿನ್ನ ಮಿಂಚಬೇಕು. ನೆರಳನ್ನು ಯಾರೂ ಗಮನಿಸುತ್ತಿರಲಿಲ್ಲ. ನಾನು ಗಮನಿಸುತ್ತಿದ್ದೆ, ಆದರೆ ಹೇಳುತ್ತಿರಲಿಲ್ಲ.

ನನ್ನ ತವರಿನ ಕಡೆಯ ಒಂದು ಮದುವೆ. ಆಗ ಮದುವೆಗಳು ಮನೆಯ ಅಂಗಳದಲ್ಲೇ ಆಗುತ್ತಿದ್ದವು. ಮಡಿವಾಳರು ಬಂದು ಮಂಟಪದ ಮೇಲೆ ಬಿಳಿ ಬಟ್ಟೆಯ ಮೇಲ್ಕಟ್ಟು ಬಿಗಿದು ಕಟ್ಟುತ್ತಿದ್ದರು. ಹೆಂಗಸರ ಗುಂಪಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದ ನನಗೆ “ಸ್ವಲ್ಪ ಜಾಗ ಬಿಡಿ” ಎನ್ನಲು ಬಾಯಿ ಬರಲಿಲ್ಲ. ಧಾರೆ ಎರೆಯುವ ಹೊತ್ತಿಗೆ ಎರಡು ತಲೆಗಳ ನಡುವಿನ ಸಂದಿಯಲ್ಲಿ ಕ್ಯಾಮರಾ ತೂರಿಸಿ ಒತ್ತಿದೆ. ಯಾರದೋ ಮೊಣಕೈ ತಾಗಿ ಫ್ಲಾಶಿನ ತಲೆ ಆಕಾಶ ನೋಡುತ್ತಿದ್ದದ್ದು ನನಗೆ ತಿಳಿದದ್ದು ಆಮೇಲೆ.

ರೋಲು ತೊಳೆದು ಬಂದಾಗ ಅಜ್ಜ ಒಂದು ಫೋಟೊವನ್ನು ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

“ಇದ್ ನಾ ತೆಗದದ್ದಲ್ಲ.”

“ನಾ ತೆಗದದ್ದ್.”

“ನೀ ಎಂತ ಮಾಡ್ದೆ?”

“ನಂಗ್ ಗೊತ್ತಿಲ್ಲೆ. ತಪ್ಪ್ ಆಯ್ತಾ?”

ಅವರು ತಪ್ಪು ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. “ಲೆಕ್ಕಕ್ ಸಿಕ್ಕದ ಫೋಟೊ” ಎಂದು ಬದಿಗಿಟ್ಟರು. ಆ ಫೋಟೊದಲ್ಲಿ ಮೂಗು ಹೊಳೆಯುತ್ತಿರಲಿಲ್ಲ. ಹಿಂದೆ ಕರಿ ನೆರಳಿನ ದೆವ್ವ ಇರಲಿಲ್ಲ. ಬೆಳಗಿನ ಜಗಲಿಯಲ್ಲಿ ಕೂತವರ ಮುಖದ ಹಾಗೆ ಆ ಹುಡುಗಿಯ ಮುಖ ಇತ್ತು. ಬೆಳಕು ನನ್ನ ಫ್ಲಾಶಿನಿಂದ ಬಂದಿರಲಿಲ್ಲ, ಮೇಲ್ಕಟ್ಟಿನಿಂದ ಇಳಿದು ಬಂದಿತ್ತು. ಅಂಗೈ ಅಗಲದ ದೀಪ ಮಂಟಪದಷ್ಟು ಅಗಲದ ದೀಪ ಆಗಿತ್ತು. ದೀಪ ದೊಡ್ಡದಾದಷ್ಟೂ, ಮುಖಕ್ಕೆ ಹತ್ತಿರವಾದಷ್ಟೂ ನೆರಳಿನ ಅಂಚು ಕರಗುತ್ತದೆ. ಶ್ರಾವ್ಯಾ, ಉಳಿದದ್ದೆಲ್ಲ ಈ ಒಂದು ಮಾತಿನ ಮರಿಗಳು.

ಅಂದಿನಿಂದ ನಾನು ಮದುವೆಮನೆಗೆ ಹೋದ ಕೂಡಲೇ ನೋಡುತ್ತಿದ್ದದ್ದು ಮದುಮಗಳನ್ನಲ್ಲ, ಬಿಳಿ ಎಲ್ಲಿದೆ ಎಂದು. ಮೇಲ್ಕಟ್ಟು ಇಲ್ಲದ ಕಡೆ ಸುಣ್ಣ ಬಳಿದ ಗೋಡೆ. ಗೋಡೆಯೂ ಇಲ್ಲದಿದ್ದರೆ ಬಿಳಿ ಅಂಗಿ ತೊಟ್ಟ ಯಾರಾದರೂ ದಪ್ಪ ಯಜಮಾನರು. ಅವರ ಹೊಟ್ಟೆಗೆ ಫ್ಲಾಶ್ ತಿರುಗಿಸಿದರೆ ಪಕ್ಕದಲ್ಲಿ ಕೂತ ಹೆಣ್ಣಿನ ಕೆನ್ನೆಗೆ ಎಷ್ಟು ಒಳ್ಳೆಯ ಬೆಳಕು ಬರುತ್ತಿತ್ತು! ಆ ಯಜಮಾನರು ಮಾತ್ರ ತಮ್ಮದೇ ಫೋಟೊ ಎಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದರು. ಒಬ್ಬರು ಮರುವಾರ ಸ್ಟುಡಿಯೊಗೇ ಬಂದರು. “ಹ್ವಾಯ್, ನಂದ್ ಅಷ್ಟೆಲ್ಲಾ ಫೋಟೊ ತೆಗ್ದಿರಲೆ, ಒಂದೂ ಇಲ್ಯಾ?” ಅಜ್ಜ ನನ್ನ ಮುಖ ನೋಡಿದರು. ನಾನು ಪರದೆಯ ಹಿಂದೆ ಹೋದೆ.

ಮೇಲಿನಿಂದ ಮಾತ್ರ ಬೆಳಕು ಬಂದರೆ ಕಣ್ಣುಗುಳಿ ಕಪ್ಪಾಗುತ್ತದೆ ಎಂಬುದನ್ನೂ ಹೀಗೆಯೇ ಕಲಿತೆ. ಅದಕ್ಕೆ ಮದುವೆ ಕಾಗದದ ಬಿಳಿ ಹಿಂಬದಿಯನ್ನು ಫ್ಲಾಶಿನ ಬೆನ್ನಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಿದ್ದೆ, ತುದಿ ಸ್ವಲ್ಪ ಮೇಲೆ ಕಾಣುವ ಹಾಗೆ. ಹೆಚ್ಚಿನ ಬೆಳಕು ಮೇಲೆ ಹೋಗುತ್ತದೆ, ಒಂದು ಚೂರು ಮುಂದಕ್ಕೆ ಬಂದು ಕಣ್ಣಲ್ಲಿ ಚುಕ್ಕೆಯಾಗುತ್ತದೆ. ಆ ಚುಕ್ಕೆ ಇಲ್ಲದಿದ್ದರೆ ಎಷ್ಟು ಚಂದದ ಹೆಣ್ಣೂ ನಿದ್ದೆಗಣ್ಣಿನವಳ ಹಾಗೆ ಕಾಣುತ್ತಾಳೆ.

ಇಷ್ಟೆಲ್ಲ ನನಗೆ ನಾನೇ ಕಲಿತು, ಇದು ನನ್ನದು ಎಂದುಕೊಂಡಿದ್ದಾಗ ವಿಮಲ ಬಂದಳು.

ಅವಳು ಮುಂಬೈಯಲ್ಲಿ ಮಾವನ ಸ್ಟುಡಿಯೊದಲ್ಲಿ ಕೆಲಸ ಕಲಿತು ಬ್ರಹ್ಮಾವರಕ್ಕೆ ಮರಳಿದವಳು. ನನಗಿಂತ ಚಿಕ್ಕವಳು. ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಮಂಟಪದ ಮೇಲೆಯೇ ಹತ್ತಿಬಿಡುತ್ತಿದ್ದಳು. ಕೋಟೇಶ್ವರದ ಒಂದು ಮದುವೆ ಹಾಲ್‌ನಲ್ಲಿ ಮೊದಲ ಸಲ ಎದುರಾದೆವು. ಹೆಣ್ಣಿನ ಕಡೆಯಿಂದ ನಾನು, ಗಂಡಿನ ಕಡೆಯಿಂದ ಅವಳು. ಅಜ್ಜ ಅಂದು ಬೈಂದೂರಿನ ಇನ್ನೊಂದು ಮದುವೆಗೆ ಹೋಗಿದ್ದರು. ಅವಳ ಫ್ಲಾಶಿನ ತಲೆಗೆ ಬಟ್ಟಲಿನಂಥ ಬಿಳಿ ಟೊಪ್ಪಿ ಇತ್ತು. ಫೋಟೊ ತೆಗೆಯುವ ವಸ್ತುವಿಗೂ ಒಂದು ಟೊಪ್ಪಿ ಇರುತ್ತದೆ ಎಂದು ನಾನು ಕಂಡದ್ದು ಅಂದೇ.

“ಅಣ್ಣ, ಒಂಚೂರ್ ಹಿಂದ್ ಸರಿನಿ! ಪುರೋಹಿತ್ರೇ, ನಿಮ್ ಕೈ ಅಡ್ಡ ಬತ್ತಿತ್ ಕಾಣಿ!” ಎಂದು ಅವಳು ಕೂಗಿದರೆ ಎಲ್ಲರೂ ಸರಿಯುತ್ತಿದ್ದರು, ಪುರೋಹಿತರೂ. ಧಾರೆಗೆ ಮೊದಲು ಒಬ್ಬ ದಪ್ಪ ಯಜಮಾನರ ಬಿಳಿ ಅಂಗಿಗೆ ಹೊಡೆದು ನಾನೂ ಒಂದೆರಡು ತೆಗೆದಿದ್ದೆ. ಆಮೇಲೆ ಕಂಬಕ್ಕೆ ಒರಗಿ ನಿಂತು, ಅಭ್ಯಾಸದಂತೆ ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಇಡೀ ಧಾರೆ ತೆಗೆದೆ. ಮಂಟಪ ಎಂದರೆ ಮೇಲೆ ಮೇಲ್ಕಟ್ಟು, ಮೇಲ್ಕಟ್ಟು ಎಂದರೆ ಬಿಳಿ. ತಲೆ ಎತ್ತಿ ನೋಡಲೇ ಇಲ್ಲ. ನೋಡುತ್ತಿದ್ದದ್ದು ಅವಳ ಟೊಪ್ಪಿಯನ್ನು.

ಹಾಲ್‌ನವರು ಮೇಲ್ಕಟ್ಟಿನ ಜಾಗದಲ್ಲಿ ಕೆಂಪು ಬಟ್ಟೆ ಕಟ್ಟಿದ್ದರು.

ಈಗಿನ ಹಾಗೆ ಹಿಂಬದಿಯ ತೆರೆಯಲ್ಲಿ ಕೂಡಲೇ ಕಾಣುವ ಕಾಲ ಅದಲ್ಲ. ಆಲ್ಬಂ ತೆರೆದ ಮದುಮಗಳ ತಾಯಿ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಎಂತ ಜಲಜಕ್ಕ, ನಮ್ ಹೆಣ್ಣನ್ನ್ ಕುಂಕುಮದ್ ನೀರಗೆ ಅದ್ದಿ ತೆಗ್ದಿರ್ಯಾ?” ಹೆಣ್ಣಿನ ಮಾವನ ಬಿಳಿ ಮೀಸೆಯೂ ಕೆಂಪು. ವಿಮಲಳ ಆಲ್ಬಮ್ಮಿನಲ್ಲಿ ಅದೇ ಹುಡುಗಿ ಹಾಲಿನ ಕೆನೆಯ ಹಾಗಿದ್ದಳಂತೆ. ನಮ್ಮದೇ ಮದುಮಗಳು ಗಂಡಿನ ಕಡೆಯ ಆಲ್ಬಮ್ಮಿನಿಂದ ಪ್ರತಿ ಮಾಡಿಸಿಕೊಂಡಳು.

ಬೆಳಕು ಯಾವುದಕ್ಕೆ ತಾಗಿ ಬರುತ್ತದೋ ಅದರ ಬಣ್ಣವನ್ನು ಹೊತ್ತು ತರುತ್ತದೆ. ಫ್ಲಾಶ್ ತಿರುಗಿಸುವ ಮೊದಲು ತಲೆ ಎತ್ತಿ ನೋಡು. ಹಸಿರು ಗೋಡೆಯಿದ್ದರೆ ಮುಖ ರೋಗಿಯದಾಗುತ್ತದೆ. ಪ್ರಣೀತ “ಮೊಬೈಲಗೆ ಸರಿ ಮಾಡುಕಾತ್ತ್ ಅಮ್ಮಮ್ಮ” ಅನ್ನುತ್ತಾನೆ. ಮಾಡು ಮಗಾ. ಮುಖ ಸರಿ ಮಾಡುವಾಗ ಸೀರೆಯ ಬಣ್ಣ ಕೆಡುತ್ತದೆ, ಸೀರೆ ಸರಿ ಮಾಡುವಾಗ ಮುಖ. ಆಮೇಲೆ ಅಮ್ಮಮ್ಮನನ್ನು ನೆನೆ.

ನನ್ನ ಹೊಟ್ಟೆಯೊಳಗೆ ಕಿಚ್ಚು ಹತ್ತಿದ್ದು ಅಂದು. ಅದು ಅವಳ ಹೆಸರಿನ ಮೇಲಲ್ಲ, ಅವಳಿಗೆ ಬರುವ ಮದುವೆಗಳ ಮೇಲೂ ಅಲ್ಲ. ಅವಳ ಬೆಳಕಿನ ಮೇಲೆ. ಅವಳು ತೆಗೆದ ಕೆನ್ನೆಗಳ ಮೇಲೆ. ಅವಳ ಗಂಟಲಿನ ಮೇಲೂ.

ಆ ಟೊಪ್ಪಿಯೇ ಗುಟ್ಟು ಎಂದು ನಂಬಿ ಬಿಳಿ ಪ್ಲಾಸ್ಟಿಕ್ಕಿನ ಎಣ್ಣೆ ಕ್ಯಾನಿನ ತಳ ಕೊಯ್ದು ನಾನೂ ಒಂದು ಮಾಡಿಕೊಂಡೆ. ಬೈಂದೂರಿನ ಕಡಲತೀರದಲ್ಲಿ ಹೊಸ ದೋಣಿ ನೀರಿಗಿಳಿಸುವ ದಿನ ಅದನ್ನು ಹಾಕಿಕೊಂಡು ಹೋದೆ. ದೋಣಿಯ ಯಜಮಾನ ದೂರದಿಂದಲೇ ಕಂಡ. “ಹ್ವಾಯ್ ಅಕ್ಕ, ಎಣ್ಣಿ ಕ್ಯಾನ್ ಎಂತಕ್ ತಂದದ್ದ್? ಇಂಜಿನ್‌ಗ್ ಹೊಯ್ಕಾ?” ತೀರವೆಲ್ಲ ನಕ್ಕಿತು. ಹೂವು ಕಟ್ಟಿದ ದೋಣಿಯ ಮುಂದೆ ಇಡೀ ಮನೆಯವರನ್ನು ನಿಲ್ಲಿಸಿ ತೆಗೆದೆ. ಫ್ಲಾಶ್ ಪ್ರತಿ ಸಲವೂ ಕುಂಯ್ಯೆಂದು ದಣಿಯುತ್ತಿತ್ತು. ಫೋಟೊ ಬಂದಾಗ ಹಿಂದಿನ ಕಡಲು ಬೆಳ್ಳಿಯ ಹಾಗೆ, ಮುಂದೆ ನಿಂತವರೆಲ್ಲ ಇದ್ದಿಲಿನ ಹಾಗೆ.

ಟೊಪ್ಪಿ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಮನೆಯೊಳಗಾದರೆ ಬಿಳಿ ಗೋಡೆ, ತಲೆಯ ಮೇಲಿನ ಬಿಳಿ ಮಾಡು ಅದನ್ನು ಹಿಡಿದು ತಿರುಗಿ ಕೊಡುತ್ತವೆ. ಮೆತ್ತಗಾಗುವುದು ಅದರಿಂದ, ಟೊಪ್ಪಿಯಿಂದ ಅಲ್ಲ. ಬಯಲಿನಲ್ಲಿ ತಿರುಗಿ ಕೊಡುವವರು ಯಾರು? ಕಡಲು ಕೊಡುವುದಿಲ್ಲ, ಆಕಾಶವೂ ಕೊಡುವುದಿಲ್ಲ. ಅಲ್ಲಿ ಟೊಪ್ಪಿ ತೆಗೆದು ನೇರ ಹೊಡೆ, ಇಲ್ಲವೇ ಫ್ಲಾಶಿನ ಮುಂದೆ ಕಟ್ಟುವ ಬಿಳಿ ಬಟ್ಟೆಯ ಪೆಟ್ಟಿಗೆ ಹಾಕಿ ಮುಖದ ಹತ್ತಿರ ಹೋಗು. ಹತ್ತು ಜನರ ಗುಂಪಿಗೆ ದೂರದಿಂದ ಆ ಪುಟ್ಟ ಪೆಟ್ಟಿಗೆ ಹಾಕಿ ಹೊಡೆದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಅಜ್ಜ ನನ್ನ ಎಣ್ಣೆ ಕ್ಯಾನನ್ನು ನೋಡಿ ನಗಲಿಲ್ಲ. ಮಂಗಳೂರಿಗೆ ಹೋದವರು ಒಂದು ಪೊಟ್ಟಣ ತಂದು ನನ್ನ ಮುಂದಿಟ್ಟರು. ಅದರೊಳಗೆ ನಿಜವಾದ ಬಿಳಿ ಟೊಪ್ಪಿ.

“ವಿಮಲನ ಹತ್ರ ಕೇಂಡೆ. ಅವ್ಳದ್ ಇದೇ ನಮೂನಿದ್ದ್ ಅಂಬ್ರ್.”

“ನೀವ್ ಅವ್ಳ ಹತ್ರ ಕೇಂಬುಕ್ ಹೋದ್ರ್ಯಾ?”

“ಕೇಂಡ್ರೆ ಎಂತ ಆಯ್ತ್? ಬೆಳ್ಕ್ ಯಾರ್ ಅಪ್ಪನ್ ಮನಿದಾ?” ಎಂದವರು ಪೊಟ್ಟಣದ ಕಾಗದ ಮಡಚುತ್ತ, “ಅವ್ಳ್ ಕೆಲ್ಸ ಕಾಂಬುಕೆ ಚಂದ ಮಾರಾಯ್ತಿ” ಎಂದರು.

ದಿನಕ್ಕೆ ಇಪ್ಪತ್ತು ಮಾತೂ ಆಡದ ನಿಮ್ಮ ಅಜ್ಜ ನನ್ನ ಮೇಲ್ಕಟ್ಟಿನ ಫೋಟೊಗೆ ಚಂದ ಎಂದಿರಲಿಲ್ಲ. ನಾನು ಆ ಪೊಟ್ಟಣವನ್ನು ಕಪಾಟಿನ ಮೇಲಿಟ್ಟೆ. ಅವರು ಎರಡು ಸಲ ಕೇಳಿದರು, ಆಮೇಲೆ ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರು ತೀರಿಹೋದರು. ಶ್ರಾವ್ಯಾ, ನಿನ್ನ ಪ್ರಶ್ನೆಗೆ ಉತ್ತರ ಇದು. ಇಲ್ಲ, ಒಂದು ಸಲವೂ ಹಾಕಲಿಲ್ಲ.

ಅವರು ಹೋದ ಮೇಲೆ ಕ್ಯಾಮರಾ ನನಗೆ ಇನ್ನೊಂದು ರೀತಿಯಲ್ಲಿ ಬೇಕಾಯಿತು. ನಮ್ಮ ಕಡೆ ಶುಭಕಾರ್ಯಗಳಲ್ಲಿ ನನ್ನಂಥವರು ಎಲ್ಲಿ ನಿಲ್ಲಬೇಕು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣಲ್ಲಿ ಹೇಳುತ್ತಾರೆ. ಅಡುಗೆಮನೆಯ ಬಾಗಿಲಿನ ಹತ್ತಿರ ಒಂದು ಜಾಗ ತಾನಾಗಿಯೇ ಖಾಲಿ ಇರುತ್ತದೆ. ಆದರೆ ಕ್ಯಾಮರಾ ಕೊರಳಲ್ಲಿದ್ದಾಗ ಯಾರೂ ನನ್ನ ಕೊರಳು ನೋಡುತ್ತಿರಲಿಲ್ಲ. ಧಾರೆಯ ಹೊತ್ತಿಗೆ, ಆರತಿಯ ಹೊತ್ತಿಗೆ, ಎಲ್ಲರಿಗಿಂತ ಮುಂದೆ ನಾನೇ. ನಾಚಿಕೆಯವಳಾದ ನಾನು ಅಷ್ಟು ವರ್ಷ ಜನರ ನಡುವೆ ನಿಂತದ್ದಕ್ಕೆ ಹೊಟ್ಟೆಪಾಡು ಒಂದೇ ಕಾರಣ ಅಲ್ಲ.

ಅದಕ್ಕೇ ನಿಮ್ಮ ಅಮ್ಮ ಸುಮತಿಯ ಬಯಕೆ ಊಟದ ದಿನ ನನಗೆ ಅಷ್ಟು ಉರಿದದ್ದು. ಪೇಟೆಯವರು ಸೀಮಂತ ಅನ್ನುತ್ತಾರಲ್ಲ, ಅದು. ಬಾರ್ಕೂರಿನಲ್ಲಿ ನಿಮ್ಮ ಅಪ್ಪನ ಹಳೆಯ ಮನೆಯಲ್ಲಿ ಇಟ್ಟುಕೊಂಡಿದ್ದರು. ಫೋಟೊ ನಾನೇ ತೆಗೆಯುತ್ತೇನೆ ಎಂದು ಹೊಸ ಬ್ಯಾಟರಿಗಳನ್ನೂ ತಂದಿಟ್ಟಿದ್ದೆ. ಸುಮತಿ ಫೋನು ಮಾಡಿದಳು.

“ಅಮ್ಮ, ವಿಮಲಕ್ಕನಿಗ್ ಹೇಳಿದೆ. ನೀ ಕ್ಯಾಮ್ರಾ ತರ್ಬೇಡ. ನೀ ಫೋಟೊದ್ ಒಳ್ಗ್ ಇರ್ಕ್.”

ಮಗಳು ಪ್ರೀತಿಯಿಂದಲೇ ಹೇಳಿದ್ದು. ಆದರೆ ಕ್ಯಾಮರಾ ಇಲ್ಲದೆ ನಾನು ಎಲ್ಲಿ ನಿಲ್ಲುತ್ತೇನೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ನಾನು ಹೇಳಲೂ ಇಲ್ಲ. “ಅಕ್ಕು” ಎಂದು ಒಪ್ಪಿದೆ.

ಆ ದಿನ ಬರಿಗೈಯಲ್ಲಿ ಹೋದೆ. ಚಾವಡಿಯಲ್ಲಿ ಸುಮತಿಯನ್ನು ಕೂರಿಸಿದರು. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ಅಳಿಯನ ದೊಡ್ಡಮ್ಮ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಕೆಟ್ಟವರಲ್ಲ, ಹಳೆಯ ಕಾಲದವರು. “ಜಲಜ, ನೀ ಒಳ್ಗ್ ಪಾಯ್ಸ ಕಾಣ್” ಎಂದರು. ನಾನು ಅಡುಗೆಮನೆಯ ಬಾಗಿಲಿನ ನನ್ನ ಜಾಗಕ್ಕೆ ಹೋದೆ. ಅಲ್ಲಿಂದ ಸುಮತಿಯ ಜಡೆ ಮಾತ್ರ ಕಾಣುತ್ತಿತ್ತು. ಮತ್ತು ಎಲ್ಲರ ಮುಂದೆ, ನಾನು ನಿಲ್ಲಬೇಕಾದ ಜಾಗದಲ್ಲಿ, ವಿಮಲ.

ನಾನು ಅವಳ ಕೆಲಸ ಕೆಡಲಿ ಎಂದು ಕಾದೆ. ಕೆಡುವ ಲಕ್ಷಣವೂ ಇತ್ತು. ಆ ಚಾವಡಿಯ ಮಾಡಿಗೆ ಕರಿ ಮರದ ಹಲಗೆಯ ಮುಚ್ಚಿಗೆ. ಗೋಡೆಯ ಅರ್ಧಕ್ಕೆ ಗಾಢ ಹಸಿರು ಬಣ್ಣ. ಎಷ್ಟು ಬೆಳಕು ಚೆಲ್ಲಿದರೂ ಅದು ನುಂಗುತ್ತದೆ ಎಂದು ನನಗೆ ಗೊತ್ತಿತ್ತು. ವಿಮಲ ಎರಡು ಮೂರು ಫೋಟೊ ತೆಗೆದಳು. ಅವಳ ಹತ್ತಿರ ಆಗಲೇ ತೆರೆಯಿರುವ ಹೊಸ ಕ್ಯಾಮರಾ ಇತ್ತು. ತೆರೆ ನೋಡಿದಳು, ಮಾಡು ನೋಡಿದಳು. ಆಮೇಲೆ ಆ ಬಿಳಿ ಟೊಪ್ಪಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. ನನಗೆ ಆದ ಸಂತೋಷ ಹೇಳತೀರದು.

ಅವಳು ನಿಮ್ಮ ಅಪ್ಪನಿಂದ ಒಗೆದ ಬಿಳಿ ಪಂಚೆ ತರಿಸಿದಳು. ಮಡಿಕೆ ಬಿಡಿಸಿ, ಸುತ್ತ ನೋಡಿ, ಎಲ್ಲರ ತಲೆಯ ಮೇಲಿಂದ ಕೂಗಿದಳು.

“ಜಲಜಕ್ಕಾ! ಇಲ್ ಬನ್ನಿ. ಇದ್ನ ಹಿಡ್ಕಂಡ್ ಹೆಣ್ಣಿನ್ ಎಡ್ಗಡೆ ನಿತ್ಕಣಿ.”

ಎಲ್ಲರ ತಲೆ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿತು. ದೊಡ್ಡಮ್ಮನೇ ಮೊದಲು ಮಾತಾಡಿದರು. “ಅವ್ಳ್ ಯಾಕೆ? ನಮ್ ಹುಡ್ಗಿಯರ್ ಇದ್ರಲೆ, ಅವ್ರ್ ಹಿಡಿತ್ರ್.”

“ಹುಡ್ಗಿಯರ್ ಹಿಡದ್ರೆ ಬೆಳ್ಕ್ ಗ್ವಾಡಿಗ್ ಹೋತ್ತ್ ದೊಡ್ಡಮ್ಮ. ಬಟ್ಟಿ ಹ್ಯಾಂಗ್ ತಿರ್ಗ್ಸುದ್ ಅಂದೇಳಿ ಇವ್ರಿಗ್ ಬಿಟ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲೆ. ನಾಳೆ ಫೋಟೊ ಕಪ್ಪ್ ಬಂದ್ರೆ ನಂಗ್ ಹೇಳುಕಿಲ್ಲ ಕಾಣಿ.”

ದೊಡ್ಡಮ್ಮ ಸೀರೆಯ ಸೆರಗು ಸರಿಮಾಡಿಕೊಂಡರು. “ಫೋಟೊ ಕಪ್ಪ್ ಬಪ್ಪುಕಾಗ. ಹೋಗ್ ಜಲಜ.”

ನಾನು ಪಾಯಸದ ಸೌಟು ಕೆಳಗಿಟ್ಟು ಹೋದೆ. ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಮಗಳ ಎಡಕ್ಕೆ ನಿಂತೆ. ವಿಮಲ ಫ್ಲಾಶನ್ನು ನನ್ನ ಕಡೆ ತಿರುಗಿಸಿದಳು. ಪ್ರತಿ ಸಲ ಹೊಡೆದಾಗಲೂ ನನ್ನ ಕೈಯ ಬಟ್ಟೆ ಬೆಳಗಿ ಸುಮತಿಯ ಕೆನ್ನೆಗೆ ಬೆಳಕು ಹೋಗುತ್ತಿತ್ತು. ಅವಳಿಗೆ ಹೂ ಮುಡಿಸಿದಾಗ, ಬಳೆ ತೊಡಿಸಿದಾಗ, ಆರತಿ ಎತ್ತಿದಾಗ ನಾನು ಅಲ್ಲೇ ಇದ್ದೆ, ಮಡಿಲಿನಷ್ಟು ಹತ್ತಿರ. ಕೈ ಸೋತಿತು. ಬಟ್ಟೆ ಇಳಿಸಿದರೆ ಜಾಗ ಹೋಗುತ್ತದೆ ಎಂದು ಇಳಿಸಲಿಲ್ಲ. ಸುಮತಿ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು. ವಿಮಲ ತೆಗೆದದ್ದು ಆ ಕ್ಷಣ. ನಮ್ಮ ಮನೆಯ ಗೋಡೆಯಲ್ಲಿದೆಯಲ್ಲ, ಅದೇ ಫೋಟೊ. ಅದರ ಎಡ ಅಂಚಿನಲ್ಲಿ ಬಿಳಿ ಬಟ್ಟೆಯ ತುದಿ, ನನ್ನ ಎರಡು ಬೆರಳು. ಆ ಹಸಿರು ಸೀರೆಯ ಹಿಂದೆ ಇದ್ದವಳು ನೀನು, ಶ್ರಾವ್ಯಾ.

ಅದಕ್ಕಿಂತ ಒಳ್ಳೆಯ ಬೆಳಕು ನಾನು ಜನ್ಮದಲ್ಲಿ ಹಿಡಿದಿಲ್ಲ. ಮತ್ತು ಅದನ್ನು ತೆಗೆದವಳು ವಿಮಲ.

ಅವಳಿಗೆ ನಿಜಕ್ಕೂ ಬಟ್ಟೆ ಹಿಡಿಯುವವರು ಬೇಕಿತ್ತೋ, ಬಾಗಿಲ ಹತ್ತಿರ ನನ್ನನ್ನು ಕಂಡು ಹಾಗೆ ಮಾಡಿದಳೋ, ನನಗೆ ಗೊತ್ತಿಲ್ಲ. ಕೇಳಲು ಬಾಯಿ ಬರಲಿಲ್ಲ. ಊಟದ ಪಂಕ್ತಿಯಲ್ಲಿ ಅವಳೇ ಪಕ್ಕದಲ್ಲಿ ಬಂದು ಕೂತು, “ಕೋಟೇಶ್ವರದಗೆ ನೀವ್ ಆ ದಪ್ಪ ಯಜಮಾನ್ರ್ ಅಂಗಿಗ್ ಹೊಡದ್ದ್ ಕಂಡಿದ್ನೆ. ಅಲ್ ಕಲ್ತದ್ದ್” ಎಂದು ನಕ್ಕಳು. ನಾನು ಎಲೆ ನೋಡುತ್ತ ಕೂತೆ. ಅಂದರೆ ನಾನು ಅವಳ ಟೊಪ್ಪಿ ನೋಡುತ್ತಿದ್ದಾಗ ಅವಳು ನನ್ನ ಕೈ ನೋಡುತ್ತಿದ್ದಳು. ನನ್ನದು ಎಂದುಕೊಂಡದ್ದನ್ನೂ ಅವಳು ಕಲಿತುಬಿಟ್ಟಿದ್ದಳು. ನನ್ನನ್ನು ನನ್ನ ಮಗಳ ಪಕ್ಕ ನಿಲ್ಲಿಸುವ ಕೆಲಸವನ್ನೂ ಅವಳೇ ಮಾಡಿದಳು. ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ಆ ಮಾತು, ಆ ಗಂಟಲು, ನನಗೆ ಇರಬಾರದಿತ್ತೇ?

ಕಣ್ಣಿನ ಪೊರೆ ಬೆಳೆದು ಬಣ್ಣ ತಿಳಿಯದಾದಾಗ ನಾನು ಕ್ಯಾಮರಾ ಕೆಳಗಿಟ್ಟೆ. ಅವಳು ಇವತ್ತಿಗೂ ಮಂಟಪ ಹತ್ತುತ್ತಾಳೆ. ಪೊರೆ ತೆಗೆಸಿದ ಮೇಲೆ ಅಜ್ಜ ತಂದ ಟೊಪ್ಪಿಯನ್ನು ನಾನು ನೋಡಿದ್ದು ಮೊನ್ನೆ, ನಿನ್ನ ಕೈಯಲ್ಲಿ. ನೀನು ಹೊಸದು ಎಂದೆ. ಬೆಳಕಿಗೆ ಹಿಡಿದು ನೋಡು, ಅಂಚೆಲ್ಲ ಹಳದಿಯಾಗಿದೆ. ಅದನ್ನು ಹಾಕಿ ತೆಗೆದರೆ ಮುಖವೂ ಹಳದಿಯಾಗುತ್ತದೆ. ಮದುವೆಗೆ ಒಯ್ಯಬೇಡ. ಮನೆಯಲ್ಲಿ ಒಂದು ಸಲ ಹಾಕಿ ನನ್ನದೇ ಒಂದು ಫೋಟೊ ತೆಗೆ, ಸುಣ್ಣದ ಗೋಡೆಯ ಹತ್ತಿರ ಕೂರಿಸಿ. ಹಳದಿ ಬಂದರೆ ಬರಲಿ. ನಿಮ್ಮ ಅಜ್ಜ ತಂದದ್ದು.

ಆಮೇಲೆ ವಿಮಲಳ ಹತ್ತಿರ ಹೋಗು. ನಾನು ಬೇಡ ಅನ್ನುವುದಿಲ್ಲ. ನನ್ನಿಂದ ನೋಡುವುದನ್ನು ಕಲಿ, ಅವಳಿಂದ “ಸರಿನಿ” ಎನ್ನುವುದನ್ನು ಕಲಿ. ಅಡುಗೆಮನೆಯ ಬಾಗಿಲಿನಲ್ಲಿ ಯಾರಾದರೂ ನಿಂತಿದ್ದರೆ ಅವರ ಕೈಗೆ ಬಿಳಿ ಬಟ್ಟೆ ಕೊಟ್ಟು ಮುಂದೆ ಕರೆಯುವುದು ನಿನಗೆ ಬರಬೇಕು. ಅದನ್ನು ಅವಳೇ ಕಲಿಸಬೇಕು, ನನಗೆ ಬರುವುದಿಲ್ಲ.

ಈ ಹಾಳೆಗಳನ್ನು ಜೋಪಾನ ಮಾಡಿ. ಮಳೆಗಾಲದ ತೇವಕ್ಕೆ ಇಲ್ಲಿ ಎಲ್ಲಕ್ಕೂ ಬೂಷ್ಟು ಬರುತ್ತದೆ. ಲೆನ್ಸು ಇಡುವ ಪೆಟ್ಟಿಗೆಯಲ್ಲಿ, ತೇವ ಹೀರುವ ಪೊಟ್ಟಣಗಳ ಜೊತೆ ಇಡಿ. ವಿಮಲ ಓದಬೇಕೆಂದು ಕೇಳಿದರೆ ನಮ್ಮ ಮನೆಗೆ ಬಂದು, ನನ್ನ ಎದುರಿಗೆ ಕೂತು ಓದಲಿ. ಪಾಯಸ ಮಾಡಿ ಬಡಿಸುತ್ತೇನೆ. ಬ್ರಹ್ಮಾವರಕ್ಕೆ ಮಾತ್ರ ಕೊಟ್ಟು ಕಳಿಸಬೇಡಿ.